ಕಾರವಾರದಲ್ಲಿ ರಷ್ಯದ ಎರಡು ಹಡಗುಗಳು

ಶಿವಾಜಿನಗರದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಶಿವಾಜಿ ಮಹಾರಾಜರೆಂದರೆ ಗಿರಿದುರ್ಗ, ಕುದುರೆ ಇವೇ ಕಣ್ಣೆದುರು ನಿಲ್ಲುತ್ತವೆ. ಆದರೆ 1665ರಲ್ಲಿ ಅವರು ಸ್ವತಃ ಹಡಗು ಹತ್ತಿ ನಮ್ಮ ಬಸರೂರಿಗೆ ಬಂದು, ಗೋಕರ್ಣದ ದರ್ಶನ ಮುಗಿಸಿ, ಕಾರವಾರದಲ್ಲಿ ಇಂಗ್ಲಿಷ್ ವರ್ತಕರಿಂದಲೂ ಕಾಣಿಕೆ ವಸೂಲು ಮಾಡಿದ್ದುಂಟು. ಅದೇ ಕಾರವಾರದ ಕಡಲಿಗೆ ಈಗ ಸೋವಿಯತ್ ನೌಕಾಬಲದ ಎರಡು ಕುರುಹುಗಳು ಬಂದು ಸೇರಿವೆ. ಒಂದು ಚಿಕ್ಕದು, ಇನ್ನೊಂದು ಬಲು ದೊಡ್ಡದು.

ಚಿಕ್ಕದು, ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ 'ಚಪಲ್'. ರಜೆಗೆ ಊರಿಗೆ ಹೋದ ಮಕ್ಕಳಿಗೆ, 1971ರಲ್ಲಿ ಕರಾಚಿಯನ್ನು ಸುಟ್ಟದ್ದು ಇದೇ ಎಂದು ಹಿರಿಯರು ಹೇಳುವುದುಂಟು. ಹಾಗಲ್ಲ, ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದವು ಇದರ ಅಕ್ಕಂದಿರಾದ ನಿಪಾತ್, ನಿರ್ಘಾತ್, ವೀರ್. ಪಾಕಿಸ್ತಾನದ ಖೈಬರ್ ಹಡಗು ಅಂದು ಮುಳುಗಿತು. ನಾಲ್ಕು ದಿನ ಬಿಟ್ಟು ವಿನಾಶ್ ಹೋಗಿ ಕೇಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು.

ಸೋಜಿಗವೆಂದರೆ ರಷ್ಯನ್ನರು ಈ ದೋಣಿಗಳನ್ನು ಕಟ್ಟಿದ್ದು ದೂರ ಹೋಗಲಿಕ್ಕಲ್ಲ, ತಮ್ಮ ದಡ ಕಾಯಲಿಕ್ಕೆ. ಆ ದೇಶದ ಭೂಪಟ ನೋಡಿದರೆ ಕಾರಣ ತಿಳಿಯುತ್ತದೆ. ಉತ್ತರ, ಬಾಲ್ಟಿಕ್, ಕಪ್ಪು ಸಮುದ್ರ, ಪೆಸಿಫಿಕ್ ಎಂದು ನಾಲ್ಕು ದಿಕ್ಕಿಗೆ ನಾಲ್ಕು ನೌಕಾದಳ; ಒಂದಕ್ಕೆ ಆಪತ್ತು ಬಂದರೆ ಇನ್ನೊಂದು ಓಡಿ ಬರುವಂತಿಲ್ಲ. ಕಪ್ಪು ಸಮುದ್ರದ ಬಾಗಿಲು ತುರ್ಕಿಯ ಕೈಯಲ್ಲಿ, ಬಾಲ್ಟಿಕ್‌ನದು ಡೆನ್ಮಾರ್ಕಿನ ಬಳಿ. ಆದ್ದರಿಂದ 200 ಚಿಲ್ಲರೆ ಟನ್ನಿನ ದೋಣಿಗೆ ನಾಲ್ಕು ದೊಡ್ಡ ಕ್ಷಿಪಣಿ ಹೊರಿಸಿ ದಡದಲ್ಲಿ ಕಾವಲಿಟ್ಟರು. ವ್ಲಾಡಿವೊಸ್ಟೊಕ್‌ನಲ್ಲಿ ರಷ್ಯನ್ ಭಾಷೆಯಲ್ಲೇ ಪಾಠ ಕಲಿತು ಬಂದ ನಮ್ಮ ನಾವಿಕರು, ಕಲ್ಕತ್ತೆಯಲ್ಲಿ ಇಳಿದ ದೋಣಿಗಳನ್ನು ದೊಡ್ಡ ಹಡಗುಗಳಿಂದ ಎಳೆಸಿಕೊಂಡು ಮುಂಬಯಿ ಮುಟ್ಟಿಸಿದರು. ಕಾವಲಿನ ದೋಣಿಯನ್ನು ಶತ್ರುವಿನ ಮನೆಬಾಗಿಲಿಗೆ ಒಯ್ಯಬಹುದೆಂಬ ಧೈರ್ಯಕ್ಕೆ ಈ ಅನುಭವವೂ ನೆರವಾಯಿತು.

1956ರಿಂದ 1985ರವರೆಗೆ ಸೋವಿಯತ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಗೋರ್ಷ್ಕೋವ್ ಅದನ್ನು ಮಹಾಸಾಗರಗಳಿಗೆ ಹೊರಡಿಸಿದರು. 1971ರ ಡಿಸೆಂಬರಿನಲ್ಲಿ ಅಮೆರಿಕದ 'ಎಂಟರ್‌ಪ್ರೈಸ್' ಬಂಗಾಳ ಕೊಲ್ಲಿಯತ್ತ ಬಂದಾಗ ವ್ಲಾಡಿವೊಸ್ಟೊಕ್‌ನಿಂದ ಸೋವಿಯತ್ ಹಡಗುಗಳೂ ಹಿಂದೂ ಮಹಾಸಾಗರಕ್ಕೆ ಇಳಿದವು. ಆದರೆ ತಂಗಲು ತಾಣ ಬೇಕಲ್ಲ? ಸೊಮಾಲಿಯದ ಬರ್ಬೆರಾ ಸಿಕ್ಕಿತ್ತು. 1977ರಲ್ಲಿ ಸ್ನೇಹ ಮುರಿದು ಅದೂ ಕೈಬಿಟ್ಟಿತು. ಸ್ವಂತ ರೇವುಗಳಲ್ಲೂ ಕೊರತೆಯೇ. ಕೀವ್, ಮಿನ್ಸ್ಕ್ ಎಂಬ ಭಾರಿ ವಿಮಾನವಾಹಕಗಳಿಗೆ ತಕ್ಕ ಕಟ್ಟೆಯಿಲ್ಲದೆ, ದಡದ ವಿದ್ಯುತ್ತಿಲ್ಲದೆ, ಲಂಗರು ಹಾಕಿದಲ್ಲೇ ಬಾಯ್ಲರ್ ಉರಿಸುತ್ತ ಅವುಗಳ ಯಂತ್ರ ಸವೆದು ಹೋಯಿತು.

ಅವುಗಳ ತಂಗಿಯೇ ನಮ್ಮ ದೊಡ್ಡ ಹಡಗು. 1987ರಲ್ಲಿ 'ಬಾಕು' ಎಂದು ಸೇವೆಗೆ ಸೇರಿ, ಒಕ್ಕೂಟ ಒಡೆದ ಸಮಯದಲ್ಲಿ 'ಅಡ್ಮಿರಲ್ ಗೋರ್ಷ್ಕೋವ್' ಆಗಿ, 1996ರಲ್ಲಿ ಮೂಲೆಗೆ ಬಿತ್ತು. 2004ರಲ್ಲಿ 97 ಕೋಟಿ ಡಾಲರಿಗೆ ಆದ ಒಪ್ಪಂದ ಕೊನೆಗೆ 230 ಕೋಟಿ ದಾಟಿತು. ನಮ್ಮ ಬೊಕ್ಕಸಕ್ಕೆ ಅದೇನೂ ಲಾಭದ ವ್ಯಾಪಾರವಾಗಿರಲಿಲ್ಲ. 2013ರ ನವೆಂಬರ್ 16ರಂದು 'ವಿಕ್ರಮಾದಿತ್ಯ'ವಾಗಿ ಮರುಹುಟ್ಟು ಪಡೆದು, 2014ರ ಜನವರಿಯಲ್ಲಿ ಕಾರವಾರ ಸೇರಿತು.

ರಷ್ಯದ ಬಳಿ ಉಳಿದ ಒಂದೇ ವಿಮಾನವಾಹಕ 'ಕುಜ್ನೆಟ್ಸೋವ್' 2017ರ ನಂತರ ದುರಸ್ತಿಗೆಂದು ನಿಂತದ್ದು ಮತ್ತೆ ಸೇವೆಗೆ ಮರಳಲಿಲ್ಲ. 2018ರಲ್ಲಿ ಅದನ್ನು ಹೊತ್ತಿದ್ದ ತೇಲುಕಟ್ಟೆಯೇ ಮುಳುಗಿತು. 2022ರಲ್ಲಿ ತುರ್ಕಿ ಯುದ್ಧನೌಕೆಗಳಿಗೆ ಬಾಗಿಲು ಹಾಕಿತು. ಏಪ್ರಿಲ್‌ನಲ್ಲಿ 'ಮೊಸ್ಕ್ವಾ' ಮುಳುಗಿದಾಗ ಬದಲಿಗೆ ಬೇರೊಂದನ್ನು ತರುವಂತಿರಲಿಲ್ಲ. ಹಾಗೆಂದು ಆ ನೌಕಾಪಡೆಯನ್ನು ಹಗುರಾಗಿ ಕಾಣಲಾಗದು. ಅಣುಶಕ್ತಿಯ ಜಲಾಂತರ್ಗಾಮಿಗಳ ಬಲದಲ್ಲಿ ಅಮೆರಿಕಕ್ಕೆ ಸರಿಜೋಡಿ ಎನ್ನಬಹುದಾದದ್ದು ಇಂದಿಗೂ ಅದೊಂದೇ.

ಗೋರ್ಷ್ಕೋವರ ಹಡಗುಗಳಿಗೆ ದೊರೆಯದ ಕಟ್ಟೆ ವಿಕ್ರಮಾದಿತ್ಯನಿಗೆ ಕಾರವಾರದ ಕದಂಬ ನೌಕಾನೆಲೆಯಲ್ಲಿ ದೊರೆತಿದೆ. ಅದಕ್ಕೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅರ್ಗಾ ಮೊದಲಾದ ಊರುಗಳ ನಾಲ್ಕು ಸಾವಿರದಷ್ಟು ಕುಟುಂಬಗಳು ಗದ್ದೆ, ಮನೆ, ಬಲೆ ಬೀಸುವ ದಡ ಬಿಟ್ಟು ಎದ್ದವು. ಹಡಗು ಬಂದು ನಿಂತ ಮೇಲೂ ಅವರಲ್ಲಿ ಹಲವರು ಪರಿಹಾರಕ್ಕಾಗಿ ಕೋರ್ಟು ಕಚೇರಿ ಅಲೆಯುತ್ತಲೇ ಇದ್ದರು.