ಬಿಳಿಗಿರಿರಂಗನ ಬೆಟ್ಟದಲ್ಲಿ ವಸಂತದ ಕೊನೆಯ ಕಾಡುಹೂಗಳು ಹಾಗೂ ಕೀಟಗಳು: ವೀಕ್ಷಕರಿಗೆ ಮಾಹಿತಿ

ಚಾಮರಾಜನಗರ ಜಿಲ್ಲೆಯ ಯಳಂದೂರಿನಿಂದ ಸುಮಾರು 24 ಕಿ.ಮೀ. ದೂರದಲ್ಲಿರುವ ಬಿಳಿಗಿರಿರಂಗನ ಬೆಟ್ಟವು ಪೂರ್ವ ಹಾಗೂ ಪಶ್ಚಿಮ ಘಟ್ಟಗಳನ್ನು ಕೂಡಿಸುವ ಗಿರಿಶ್ರೇಣಿಯಾಗಿರುತ್ತದೆ. ಇಲ್ಲಿನ ವನ್ಯಜೀವಿ ಅಭಯಾರಣ್ಯವನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಕುರುಚಲು ಕಾಡು, ಎಲೆ ಉದುರುವ ಕಾಡು, ಶೋಲಾ ಹಾಗೂ ಹುಲ್ಲುಗಾವಲು ಒಂದೇ ಶ್ರೇಣಿಯಲ್ಲಿರುವುದರಿಂದ ಹೂ ಮತ್ತು ಕೀಟಗಳ ವೈವಿಧ್ಯ ಹೆಚ್ಚು.

ಸೂಕ್ತ ಕಾಲ: ಏಪ್ರಿಲ್ ಹಾಗೂ ಮೇ ತಿಂಗಳು, ಬೆಳಗಿನ ವೇಳೆ.

ಗಮನಿಸಬಹುದಾದವು

1. ಕಕ್ಕೆ: ಹಳದಿ ಗೊಂಚಲು ಹೂಗಳು. ದೊಡ್ಡ ಕರಿದುಂಬಿಯು ಹೂವನ್ನು ಹಿಡಿದು ಮೈ ನಡುಗಿಸಿ ಪರಾಗವನ್ನು ಉದುರಿಸುತ್ತದೆ. ಇದರ ಚಿಗುರೆಲೆಯ ಮೇಲೆ ತಿಳಿಹಳದಿ ಚಿಟ್ಟೆಗಳು ಮೊಟ್ಟೆಯಿಡುತ್ತವೆ.

2. ಹೊಂಗೆ ಮತ್ತು ನೇರಳೆ: ಇವುಗಳ ಸಣ್ಣ ಹೂಗಳಿಗೆ ಜೇನುನೊಣಗಳು ಮುತ್ತುತ್ತವೆ. ಹೆಜ್ಜೇನು, ತುಡುವೆ, ಕೋಲುಜೇನು ಹಾಗೂ ಚುಚ್ಚದಿರುವ ನಸರುಜೇನು ಇಲ್ಲಿವೆ.

3. ಸೀತಾಳೆ ದಂಡೆ: ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುವ ಆರ್ಕಿಡ್. ಬಿಳಿ ಮತ್ತು ನೇರಳೆ ಬಣ್ಣದ ಹೂದಂಡೆ ಕೆಳಕ್ಕೆ ಬಾಗಿರುತ್ತದೆ.

4. ಮೊದಲ ಮಳೆಯ ನಂತರ: ಗೆದ್ದಲುಗೂಡಿನಿಂದ ಈಸಲು ಹುಳುಗಳು ಹಾರುತ್ತವೆ. ನೆಲದ ಮೇಲೆ ಕಾಣುವ ಕೆಂಪು ಮಖಮಲ್ಲಿನ ಹುಳುವಿಗೆ 8 ಕಾಲುಗಳಿದ್ದು, ಅದು ಕೀಟವಲ್ಲ, ಜೇಡದ ಸಂಬಂಧಿ.

5. ಲಂಟಾನ: ಹಳದಿ, ಕೆಂಪು, ಗುಲಾಬಿ ಬಣ್ಣದ ಈ ಹೂವಿನ ಮೇಲೆ ಚಿಟ್ಟೆಗಳು ಹೇರಳವಾಗಿ ಕಂಡರೂ ಇದು ಈ ಕಾಡಿನ ಗಿಡವಲ್ಲ. ಅಮೆರಿಕ ಖಂಡದಿಂದ ಬಂದ ಈ ಪೊದೆಯು ದಟ್ಟವಾಗಿ ಹಬ್ಬಿ, ಹುಲ್ಲು ಹಾಗೂ ಎಳೆಸಸಿಗಳಿಗೆ ಜಾಗವಿಲ್ಲದಂತೆ ಮಾಡಿರುತ್ತದೆ.

ಹೂ ಕೀಳದಿರಲು ಕಾರಣ

ಇಂದು ಕಿತ್ತ ನೇರಳೆ ಹೂವು ಮುಂದೆ ಹಣ್ಣಾಗಲಾರದು. ಹಣ್ಣಿಲ್ಲದಿದ್ದರೆ ಕರಡಿಗೂ ಪಕ್ಷಿಗಳಿಗೂ ಆಹಾರವಿಲ್ಲ, ಬೀಜವೂ ಇಲ್ಲ. ಇದೇ ಹೂಗಳ ಮಕರಂದದಿಂದ ಜೇನು ಕೂಡುತ್ತದೆ. ಜೇನು ಸಂಗ್ರಹಣೆಯು ಇಲ್ಲಿನ ಸೋಲಿಗರ ಪಾರಂಪರಿಕ ಜೀವನೋಪಾಯವಾಗಿದ್ದು, ಅರಣ್ಯ ಹಕ್ಕು ಕಾಯ್ದೆ, 2006ರಡಿ ಅವರ ಪೋಡುಗಳಿಗೆ 2011ರಲ್ಲಿ ಸಮುದಾಯ ಹಕ್ಕುಗಳನ್ನು ನೀಡಲಾಗಿದೆ. ಈ ಹಕ್ಕು ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ.

ನಿಯಮಗಳು

* ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕರಣ 29ರನ್ವಯ ಅನುಮತಿಯಿಲ್ಲದೆ ಅಭಯಾರಣ್ಯದಿಂದ ವನ್ಯಜೀವಿ ಅಥವಾ ಅರಣ್ಯ ಉತ್ಪನ್ನವನ್ನು ಒಯ್ಯುವಂತಿಲ್ಲ. ಶಾಲಾ ಯೋಜನೆಗಾಗಿ ಚಿಟ್ಟೆ ಹಿಡಿಯುವುದಕ್ಕೂ ವಿನಾಯಿತಿ ಇರುವುದಿಲ್ಲ.
* ಬೆಂಕಿ ಹಚ್ಚುವುದನ್ನು ಪ್ರಕರಣ 30ರಡಿ ನಿಷೇಧಿಸಲಾಗಿದೆ. ಮಳೆಗೆ ಮುನ್ನ ತರಗೆಲೆ ಒಣಗಿರುವುದರಿಂದ ಬೀಡಿ, ಸಿಗರೇಟಿನ ತುಂಡು ಎಸೆಯಬಾರದು.
* ಅರಣ್ಯದ ರಸ್ತೆಯಲ್ಲಿ ವಾಹನದಿಂದ ಇಳಿದು ಕಾಡಿನೊಳಗೆ ಹೋಗಬಾರದು. ದೇವಾಲಯದ ಹಾಗೂ ಊರಿನ ಆಸುಪಾಸಿನಲ್ಲಿಯೇ ವೀಕ್ಷಿಸತಕ್ಕದ್ದು.
* ಹೆಜ್ಜೇನಿನ ಹುಟ್ಟಿನ ಬಳಿ ಶಬ್ದ ಮಾಡಬಾರದು, ಕಲ್ಲೆಸೆಯಬಾರದು.
* ಅಧ್ಯಯನ ಅಥವಾ ಸಂಶೋಧನೆಗಾಗಿ ಒಳಪ್ರವೇಶಿಸಲು ಇಚ್ಛಿಸುವವರು ಪ್ರಕರಣ 28ರಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

ಹೂವಿನ ಹೆಸರು, ಕಂಡ ದಿನಾಂಕ ಹಾಗೂ ಅದರ ಮೇಲಿದ್ದ ಕೀಟವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ವರ್ಷ ಹೋಲಿಸಿ ನೋಡಬಹುದು. ಇದಕ್ಕೆ ಯಾವುದೇ ಅನುಮತಿಯ ಅಗತ್ಯವಿರುವುದಿಲ್ಲ. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.