ರಸೆಲ್ ಸ್ಟ್ರೀಟ್‌ನ ಪತ್ತೇದಾರರು



ಪೊಲೀಸ್ ಕೆಲಸ ಬಿಟ್ಟು ಚರ್ಚಿನ ಪಾದ್ರಿಯಾದವನ ಕಥೆ ಕೇಳಿದ್ದೀರಾ? ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1971ರಲ್ಲಿ ‘ಸಾರ್ಜ್’ ಎಂಬ ಧಾರಾವಾಹಿ ಬಂತು. ಜಾರ್ಜ್ ಕೆನಡಿ ಅದರ ನಾಯಕ. ತನಗಾಗಿ ಇಟ್ಟಿದ್ದ ಬಾಂಬಿಗೆ ಹೆಂಡತಿ ಬಲಿಯಾದ ಮೇಲೆ ಪತ್ತೇದಾರನೊಬ್ಬ ಕ್ಯಾಥೊಲಿಕ್ ಪಾದ್ರಿಯಾಗುತ್ತಾನೆ. ಆದರೂ ಅಪರಾಧಗಳು ಅವನ ಬೆನ್ನು ಬಿಡುವುದಿಲ್ಲ. ಕಥೆಯ ಎಳೆ ಚೆನ್ನಾಗಿದೆ, ಅಲ್ಲವೇ? ನಟನೂ ಆಸ್ಕರ್ ಗೆದ್ದವನು. ಆದರೆ ಧಾರಾವಾಹಿ ಒಂದು ವರ್ಷವೂ ಬಾಳಲಿಲ್ಲ. 1972ರ ಆರಂಭದಲ್ಲೇ ನಿಂತುಹೋಯಿತು.

ಅದೇ ಹೊತ್ತಿಗೆ ನಮ್ಮ ಮೆಲ್ಬರ್ನ್‌ನಲ್ಲಿ ತಯಾರಾಗುತ್ತಿದ್ದ ‘ಹೋಮಿಸೈಡ್’ ಏಳು ವರ್ಷ ದಾಟಿತ್ತು. 1964ರ ಅಕ್ಟೋಬರ್ 20ರಂದು ಶುರುವಾದ ಅದು 1977ರವರೆಗೆ ನಡೆಯಿತು. 500ಕ್ಕೂ ಹೆಚ್ಚು ಕಂತುಗಳು! ಅದರಲ್ಲಿ ಪಾದ್ರಿಯಾದ ಪೊಲೀಸರಿರಲಿಲ್ಲ. ಹ್ಯಾಟು, ಸೂಟು ತೊಟ್ಟ ಸಾಧಾರಣ ಪತ್ತೇದಾರರಿದ್ದರು, ಅಷ್ಟೇ. ಹಾಗಾದರೆ ಜನ ಅದನ್ನು ಅಷ್ಟೊಂದು ಹಚ್ಚಿಕೊಂಡದ್ದೇಕೆ?

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಆಸ್ಟ್ರೇಲಿಯಾದಲ್ಲಿ ನಿಯಮಿತ ಟಿವಿ ಪ್ರಸಾರ ಶುರುವಾದದ್ದು 1956ರ ಸೆಪ್ಟೆಂಬರ್ 16ರಂದು, ಸಿಡ್ನಿಯ ಟಿಸಿಎನ್-9ರಿಂದ. ನವೆಂಬರ್‌ನಲ್ಲಿ ಒಲಿಂಪಿಕ್ಸ್ ವೇಳೆಗೆ ಮೆಲ್ಬರ್ನ್ ಮನೆಗಳಿಗೂ ಟಿವಿ ಬಂತು. ಪೆಟ್ಟಿಗೆಯೇನೋ ಬಂತು, ಒಳಗಿನ ಕಥೆಗಳೆಲ್ಲ ಹೊರಗಿನವು. ಕೌಬಾಯ್‌ಗಳು, ಚಿಕಾಗೊ ಪೊಲೀಸರು, ನ್ಯೂಯಾರ್ಕಿನ ಬೀದಿಗಳು. 1963ರಲ್ಲಿ ಸೆನೆಟ್ ಸಮಿತಿಯೊಂದು ಲೆಕ್ಕ ಹಾಕಿದಾಗ, ಅದುವರೆಗೆ ಪ್ರಸಾರವಾದ ಟಿವಿ ನಾಟಕಗಳಲ್ಲಿ ಶೇ. 97ರಷ್ಟು ಆಮದು ಮಾಡಿಕೊಂಡವು ಎಂದು ತಿಳಿಯಿತು. ಊಟದ ಮೇಜಿನ ಮೇಲೆ ನೂರು ತಿನಿಸಿದ್ದರೆ ಮನೆಯಲ್ಲಿ ಮಾಡಿದ್ದು ಮೂರೇ ಎಂದ ಹಾಗೆ! ಆಮದು ಅಗ್ಗ, ಮನೆಯಡುಗೆ ದುಬಾರಿ. ವಾಹಿನಿಗಳಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಈ ಲೆಕ್ಕವನ್ನು ಒಪ್ಪದವರು ಹೆಕ್ಟರ್ ಕ್ರಾಫರ್ಡ್. ಮೂಲತಃ ಸಂಗೀತಗಾರ, ವಾದ್ಯವೃಂದದ ನಿರ್ದೇಶಕ. ಅಕ್ಕ ಡೊರೊಥಿಯೊಡನೆ 1945ರಲ್ಲಿ ಮೆಲ್ಬರ್ನ್‌ನಲ್ಲಿ ಸಂಸ್ಥೆ ಕಟ್ಟಿ, ಮೊದಲು ರೇಡಿಯೊ ನಾಟಕಗಳನ್ನು ತಯಾರಿಸಿದರು. ವಿಕ್ಟೋರಿಯಾ ಪೊಲೀಸರ ಕೆಲಸವನ್ನು ಆಧರಿಸಿದ ‘ಡಿ 24’ ಅವುಗಳಲ್ಲಿ ಒಂದು. ಆ ಅನುಭವವೇ ‘ಹೋಮಿಸೈಡ್’ಗೆ ತಳಪಾಯವಾಯಿತು.

ಹಣ ಕಡಿಮೆ, ಜನ ಕಡಿಮೆ. ಒಳಾಂಗಣದ ದೃಶ್ಯಗಳನ್ನು ಸ್ಟುಡಿಯೊದಲ್ಲಿ ವಿಡಿಯೊ ಟೇಪಿನಲ್ಲೂ ಹೊರಾಂಗಣದವನ್ನು ಬೀದಿಗಿಳಿದು ಫಿಲ್ಮಿನಲ್ಲೂ ತೆಗೆದು ಜೋಡಿಸುತ್ತಿದ್ದರು. ಆ ಬೀದಿಗಳೇ ಕಥೆಯ ಜೀವಾಳ. ರಸೆಲ್ ಸ್ಟ್ರೀಟಿನ ಪೊಲೀಸ್ ಕೇಂದ್ರ ಕಚೇರಿ ಪರದೆಯ ಮೇಲೆ ಬಂದರೆ, “ಅರೆ, ನಾನು ನಿನ್ನೆ ಅಲ್ಲಿಂದಲೇ ಟ್ರಾಮ್ ಹತ್ತಿದೆ” ಎನ್ನಬಹುದಿತ್ತು. ಇನ್ನೂ ಮುಖ್ಯವಾದದ್ದು ಮಾತು. ಅದುವರೆಗೆ ರೇಡಿಯೊ, ರಂಗಭೂಮಿಗಳಲ್ಲಿ ಬ್ರಿಟಿಷ್ ಧಾಟಿಗೇ ಮರ್ಯಾದೆ. ಇಲ್ಲಿನ ಉಚ್ಚಾರಣೆ ಒರಟು ಎಂಬ ಕೀಳರಿಮೆ ಇಲ್ಲಿನವರಲ್ಲೇ ಇತ್ತು. ಲೆನಾರ್ಡ್ ಟೀಲ್ ಮತ್ತಿತರರು ಪತ್ತೇದಾರರಾಗಿ ಇಲ್ಲಿಯ ಧಾಟಿಯಲ್ಲೇ ಗಂಭೀರವಾಗಿ ಮಾತಾಡಿದಾಗ, ಮಾತು ಬೆಲೆ ಪಡೆಯಿತು. ಮನೆಯಲ್ಲಾಡುವ ನುಡಿ ಹೊರಗೆ ಕೇಳಿಸಿದರೆ ಆಗುವ ಖುಷಿ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ!

ಈ ಯಶಸ್ಸಿನ ಬೆನ್ನಿಗೇ ‘ಡಿವಿಷನ್ 4’, ‘ಮ್ಯಾಟ್ಲಾಕ್ ಪೊಲೀಸ್’ ಬಂದವು. ಮೂರು ಖಾಸಗಿ ವಾಹಿನಿಗಳಿಗೂ ಕ್ರಾಫರ್ಡ್ ಮನೆಯದೇ ಒಂದೊಂದು ಪೊಲೀಸ್ ಕಥೆ. ಎಷ್ಟೋ ಬರಹಗಾರರು, ಛಾಯಾಗ್ರಾಹಕರು, ನಟರು ಕೆಲಸ ಕಲಿತದ್ದು ಈ ಗರಡಿಯಲ್ಲಿ. ಆದರೆ 1970ರ ದಶಕದ ನಡುವೆ, ಸ್ವಲ್ಪವೇ ಸಮಯದ ಅಂತರದಲ್ಲಿ, ಮೂರನ್ನೂ ನಿಲ್ಲಿಸುವ ತೀರ್ಮಾನವಾಯಿತು. ಬಹಳ ಜನ ಕೆಲಸ ಕಳೆದುಕೊಂಡರು. 1976ರಲ್ಲಿ ಶುರುವಾದ ‘ದಿ ಸುಲ್ಲಿವನ್ಸ್’ ಸಂಸ್ಥೆಗೆ ಮತ್ತೆ ಉಸಿರು ಕೊಟ್ಟಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಕ್ರಾಫರ್ಡ್ ಮನೆಯಲ್ಲಿ ತಯಾರಾಗುವ ಕಥೆಗಳಿಗಾಗಿ ಹೋರಾಡಿದ್ದು ನಿಜ. ಆದರೆ ಆ ‘ಮನೆ’ಯಲ್ಲಿ ಯಾರಿಗೆಲ್ಲ ಜಾಗವಿತ್ತು? 1972ರಲ್ಲಿ ಬಂದ ‘ಬೋನಿ’ ಧಾರಾವಾಹಿಯ ನಾಯಕ ಅರ್ಧ ಮೂಲನಿವಾಸಿ ರಕ್ತದ ಪತ್ತೇದಾರ. ಆ ಪಾತ್ರ ಮಾಡಿದ್ದು ಬಣ್ಣ ಹಚ್ಚಿಕೊಂಡ ನ್ಯೂಜಿಲೆಂಡಿನ ಬಿಳಿಯ ನಟ ಜೇಮ್ಸ್ ಲಾರೆನ್ಸನ್. ವಲಸೆಯಲ್ಲಿ ಬಿಳಿಯರಿಗೇ ಮಣೆ ಹಾಕುತ್ತಿದ್ದ ನೀತಿಯ ಕೊನೆಯ ಕುರುಹುಗಳನ್ನು ಸರ್ಕಾರ ತೆಗೆದುಹಾಕಿದ್ದು 1973ರಲ್ಲಿ. ನಮ್ಮಂಥ ಕುಟುಂಬಗಳು ಹೆಚ್ಚಾಗಿ ಬಂದು ನೆಲೆಸಿದ್ದೆಲ್ಲ ಆಮೇಲೆ. ಅಂದರೆ, ‘ನಮ್ಮ ಕಥೆ’ ಎಂದಾಗ ಆ ‘ನಮ್ಮ’ದೊಳಗೆ ಯಾರಿದ್ದಾರೆ ಎಂದು ಪ್ರತಿ ಪೀಳಿಗೆಯೂ ಕೇಳಿಕೊಳ್ಳಬೇಕಾಗುತ್ತದೆ.

ಕರ್ನಾಟಕದಲ್ಲೂ ಇಂಥದ್ದೇ ಅನುಭವವಾಗಿದೆ. 1980ರ ದಶಕದಲ್ಲಿ ಶಂಕರನಾಗ್ ‘ಮಾಲ್ಗುಡಿ ಡೇಸ್’ ಅನ್ನು ಆಗುಂಬೆಯಲ್ಲಿ ಚಿತ್ರಿಸಿದರು. ದೇಶವೆಲ್ಲ ಅದನ್ನು ನೋಡಿದ್ದು ಹಿಂದಿಯಲ್ಲಿ. ಆದರೂ ಮಲೆನಾಡಿನ ಹಂಚಿನ ಮನೆ, ಜಗುಲಿ, ಮಳೆ ಕಂಡ ಕನ್ನಡಿಗರಿಗೆ ಅದು ನಮ್ಮೂರೇ ಎನಿಸಿತು. ಬೀದಿ ನಮ್ಮದಾಗಿತ್ತು, ಮಾತು ಬೇರೆಯದಾಗಿತ್ತು. ಇಲ್ಲಿ ಬೆಳೆಯುತ್ತಿರುವ ಮಕ್ಕಳೇ, ನಿಮ್ಮ ಬಳಿ ಎರಡೂ ಇವೆ.

ಹಾಗಾಗಿ ಈ ತಿಂಗಳು ಎರಡು ಕೆಲಸ. ಪಕ್ಕದ ಮನೆಯಲ್ಲಿ ಹಿರಿಯ ಆಸ್ಟ್ರೇಲಿಯನ್ ಅಜ್ಜ ಅಜ್ಜಿ ಇದ್ದರೆ, ‘ಹೋಮಿಸೈಡ್’ ನೆನಪಿದೆಯೇ ಎಂದು ಕೇಳಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯಿರಿ. ಆಮೇಲೆ ನಿಮ್ಮದೇ ಪತ್ತೇದಾರಿ ಕಥೆಯೊಂದನ್ನು ಹೆಣೆಯಿರಿ. ಪ್ಯಾರಮಟ್ಟಾದ ರೈಲು ನಿಲ್ದಾಣದಲ್ಲೋ ಡ್ಯಾಂಡಿನಾಂಗ್ ಮಾರುಕಟ್ಟೆಯಲ್ಲೋ ಕಳುವಾಗಲಿ. ಪತ್ತೇದಾರಿಣಿ ಕನ್ನಡದಲ್ಲಿ ಯೋಚಿಸಲಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲಿ, ಸುಳಿವು ಸಿಕ್ಕಾಗ ಅಮ್ಮನಿಗೆ ಫೋನ್ ಮಾಡಲಿ. ಶೇ. 97ರ ಮುಂದೆ ಮೂರು ಕಥೆಗಳಿಂದಲೇ ಅವರೂ ಶುರುಮಾಡಿದ್ದು. ನಾವು ಒಂದರಿಂದ ಶುರುಮಾಡೋಣ.