ಸಿಟ್ಟಿಗೆ ಕಾಯ್ದೆ ಕೊಟ್ಟ ಗಡುವು: ಬೀದರ ಸೀಮೆಯ ಹಿನ್ನೆಲೆಯಲ್ಲಿ

ಬೀದರ ಸೀಮೆಯ ಅಪರಾಧ ಕಾನೂನಿನ ಚರಿತ್ರೆಯನ್ನು ಬ್ರಿಟಿಷರಿಂದ ಆರಂಭಿಸುವುದು ಸರಿಯಲ್ಲ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ವಕೀಲರಿಗೆ ಅದು ಆಸ್ತಿ ಪಾಲಿನ ಗ್ರಂಥವಾಗಿಯೇ ಪರಿಚಿತ. ಆದರೆ ಹೊಡೆದಾಟದ ಅಪರಾಧಗಳನ್ನು ಹೇಳುವ ದಂಡಪಾರುಷ್ಯ ಪ್ರಕರಣ ಇಲ್ಲಿ ಮುಖ್ಯ. ಚಿತ್ತ ಕೆಟ್ಟು ಅಥವಾ ಮದವೇರಿ ಕೈಮಾಡಿದವನಿಗೆ ದಂಡವಿಲ್ಲ ಎನ್ನುತ್ತದೆ ಸ್ಮೃತಿ. ಇದು ಹೊಡೆತಕ್ಕೆ ಸಂಬಂಧಿಸಿದ ಮಾತು, ಕೊಲೆಗೆ ಸಂಬಂಧಿಸಿದ್ದಲ್ಲ. ಆದರೂ ಕೃತ್ಯದ ಜೊತೆಗೆ ಮನಸ್ಸಿನ ಸ್ಥಿತಿಯನ್ನೂ ತೂಗಬೇಕೆಂಬ ವಿಚಾರ ಈ ನೆಲಕ್ಕೆ ಹೊಸದಾಗಿರಲಿಲ್ಲ.

ನಿಜಾಮರ ಕಾಲದಲ್ಲಿ ಇಲ್ಲಿನ ಕೋರ್ಟುಗಳ ಭಾಷೆ ಉರ್ದು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ದಂಡ ಸಂಹಿತೆಯಿತ್ತು. ಭಾರತೀಯ ದಂಡ ಸಂಹಿತೆ ಇಲ್ಲಿಗೆ ಬಂದದ್ದು 1951ರ ಏಪ್ರಿಲ್ 1ರಂದು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೇಲ್ಮನವಿಗಳು ಬೆಂಗಳೂರಿಗೆ ಹೋದವು. 2008ರಲ್ಲಿ ಹೈಕೋರ್ಟಿನ ಪೀಠ ಕಲಬುರಗಿಗೆ ಬಂತು.

ಭಾರತೀಯ ದಂಡ ಸಂಹಿತೆಯ 300ನೇ ಕಲಮಿನ ಮೊದಲ ಅಪವಾದವೇ ನಮ್ಮ ವಿಷಯ. ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಆತ್ಮಸಂಯಮ ಕಳೆದುಕೊಂಡು, ಪ್ರಚೋದಿಸಿದವನನ್ನೇ ಕೊಂದರೆ ಅದು ಕೊಲೆಯಾಗದು, ದಂಡನೀಯ ನರಹತ್ಯೆಯಾಗುತ್ತದೆ. ಆರೋಪಿ ಬಿಡುಗಡೆಯಾಗುವುದಿಲ್ಲ, ಮರಣದಂಡನೆಯಿಂದ ಪಾರಾಗುತ್ತಾನೆ. ಪ್ರಚೋದನೆಯನ್ನು ತಾನೇ ಬಯಸಿ ತಂದುಕೊಂಡಿರಬಾರದು.

‘ಹಠಾತ್’ ಎಂದರೆ ಎಷ್ಟು ಹೊತ್ತು? ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರ ನವೆಂಬರ್ 24ರಂದು ಇದಕ್ಕೆ ಉತ್ತರ ಕೊಟ್ಟಿತು. ಹೆಂಡತಿ ಪರಪುರುಷನ ಸಂಬಂಧ ಒಪ್ಪಿಕೊಂಡ ಮೇಲೆ ನಾನಾವತಿ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟ. ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ರಿವಾಲ್ವರ್ ಮತ್ತು 6 ಗುಂಡು ಪಡೆದ. ಮನೆ ಬಿಟ್ಟದ್ದು ಮಧ್ಯಾಹ್ನ 1.30ಕ್ಕೆ, ಆ ಪರಪುರುಷನ ಕೊಲೆ ನಡೆದದ್ದು 4.20ಕ್ಕೆ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕೆಂದು ನ್ಯಾಯಮೂರ್ತಿ ಸುಬ್ಬರಾವ್ ಬರೆದರು. ಸತ್ತವನ ಹಿಂದಿನ ನಡತೆ ಆರೋಪಿಯ ಮನಸ್ಸಿನಲ್ಲಿ ಮೂಡಿಸಿದ ಹಿನ್ನೆಲೆಯನ್ನೂ ನೋಡಬಹುದೆಂದು ಅದೇ ತೀರ್ಪು ಹೇಳಿತು. ಈ ಎರಡನೆಯ ಮಾತನ್ನು ನಮ್ಮ ಕೋರ್ಟುಗಳಲ್ಲಿ ಇನ್ನೂ ಹೆಚ್ಚು ಎತ್ತಬೇಕಾಗಿದೆ.

ಏಕೆಂದರೆ ಗಡುವಿನ ಈ ಲೆಕ್ಕ ದೈಹಿಕವಾಗಿ ಬಲಶಾಲಿಯಾದವನಿಗೇ ಅನುಕೂಲ. ವರ್ಷಗಟ್ಟಲೆ ಹೊಡೆತ ತಿಂದ ಹೆಂಗಸು ಗಂಡನೆದುರು ಆ ಕ್ಷಣದಲ್ಲೇ ತಿರುಗಿ ಬೀಳಲಾರಳು. ಅವನು ಮಲಗುವ ತನಕ ಕಾಯುತ್ತಾಳೆ. ಆ ಕಾಯುವಿಕೆಯೇ ಅವಳ ವಿರುದ್ಧ ಸಾಕ್ಷ್ಯವಾಗುತ್ತದೆ. ಇಂಗ್ಲೆಂಡಿನಲ್ಲಿ ಇಂಥದೇ ಹೆಂಗಸು ಕಿರಣ್‌ಜಿತ್ ಅಹ್ಲುವಾಲಿಯಾಳ ಪ್ರಕರಣ 1992ರಲ್ಲಿ ಈ ಅನ್ಯಾಯವನ್ನು ಬಯಲಿಗಿಟ್ಟಿತು. 2010ರಿಂದ ಅಲ್ಲಿ ಜಾರಿಯಲ್ಲಿರುವ ‘ಸಂಯಮ ನಷ್ಟ’ದ ಹೊಸ ಕಲಮಿನಲ್ಲಿ ಹಠಾತ್ತಾಗಿರಬೇಕೆಂಬ ಷರತ್ತಿಲ್ಲ. ನಮ್ಮಲ್ಲೂ ಮದ್ರಾಸ್ ಹೈಕೋರ್ಟ್ 1989ರಷ್ಟು ಹಿಂದೆಯೇ ನಿರಂತರ ಪ್ರಚೋದನೆಯನ್ನು ಮಾನ್ಯ ಮಾಡಿತ್ತು.

ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇದನ್ನು ಸರಿಪಡಿಸಬಹುದಿತ್ತು. ಆದರೆ ಅದರ 101ನೇ ಕಲಮು ಹಳೆಯ ಷರತ್ತನ್ನೇ ಉಳಿಸಿಕೊಂಡಿದೆ. ಇದು ಸಂಸತ್ತು ಕೈಬಿಟ್ಟ ದೊಡ್ಡ ಅವಕಾಶ.

ಅಪವಾದವನ್ನು ರುಜುವಾತು ಮಾಡುವ ಹೊಣೆ ಆರೋಪಿಯದು. ಭಾಲ್ಕಿ, ಔರಾದಗಳ ಮ್ಯಾಜಿಸ್ಟ್ರೇಟರು ಕೊಲೆ ಪ್ರಕರಣವನ್ನು ಸೆಷನ್ಸಿಗೆ ಒಪ್ಪಿಸುತ್ತಾರೆ. ಹಳೆಯ ಹಿಂಸೆಯ ಸಾಕ್ಷ್ಯ ಆ ವಿಚಾರಣೆಯಲ್ಲೇ ದಾಖಲಾಗಬೇಕು. ಹಳೆಯ ಪೊಲೀಸ್ ದೂರು, ದವಾಖಾನೆಯ ಚೀಟಿ, ನೆರೆಮನೆಯವರ ಹೇಳಿಕೆ ಕಡತದಲ್ಲಿಲ್ಲದಿದ್ದರೆ ಕಲಬುರಗಿ ಪೀಠದ ಮುಂದೆ ವಾದಿಸಲು ಏನೂ ಉಳಿಯದು. ಬೀದರದ ವಕೀಲ ಮಿತ್ರರು ಮೊದಲ ದಿನದಿಂದಲೇ ಇದರತ್ತ ಗಮನ ಕೊಡಬೇಕು.